ದುರ್ಗಗಳ ರಮಣೀಯ ನೋಟ: ಮೈಸೂರು ಯುದ್ಧಕಾಲದ ಅಚ್ಚುಚಿತ್ರಗಳು ಮತ್ತು ಅವುಗಳ ಓದುಗರು

ಪಿಎಚ್.ಡಿ. ಪ್ರಬಂಧವೊಂದರ ಮೌಖಿಕ ಪರೀಕ್ಷೆಗೆಂದು ನಾಗಪುರಕ್ಕೆ ಹೋಗಿದ್ದಾಗ ಅಲ್ಲಿನ ಕನ್ನಡ ಕುಟುಂಬವೊಂದರಲ್ಲಿ ಒಂದು ರಾತ್ರಿ ತಂಗುವ ಸಂದರ್ಭ ಒದಗಿತ್ತು. ಮನೆಯ ಹಿರಿಯರ ಅಜ್ಜ ಮಾಗಡಿಯ ಕಡೆಯಿಂದ ರೈಲ್ವೆಯ ಕೆಲಸಕ್ಕೆಂದು ಬಂದು ನಾಗಪುರದಲ್ಲಿಯೇ ನೆಲೆಸಿದವರು. ಮೊಮ್ಮಕ್ಕಳ ಮಾತಿನಲ್ಲಿ ಈಗ ಮರಾಠಿಯೂ ಹಿಂದಿಯೂ ಕನ್ನಡಕ್ಕಿಂತ ಸಲೀಸಾಗಿವೆ. ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಹಳೆಯ ಅಚ್ಚುಚಿತ್ರವೊಂದರ ಪ್ರತಿ ತೂಗಾಡುತ್ತಿತ್ತು. ಮುಂಭಾಗದಲ್ಲಿ ಕಪ್ಪಾದ ಮರಗಳು, ನಡುವೆ ತಗ್ಗುದಿಣ್ಣೆಯ ನೆಲ, ಹಿಂದೆ ಆಕಾಶವನ್ನು ಅರ್ಧ ಮುಚ್ಚಿದ ಬೋಳು ಬಂಡೆಯ ಬೆಟ್ಟ. ಅದು ಸಾವನದುರ್ಗ. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಆ ದುರ್ಗದ ಉತ್ತರ ಪಾರ್ಶ್ವವನ್ನು 1791ರ ಡಿಸೆಂಬರಿನ ಮುತ್ತಿಗೆಯ ಸಮಯಕ್ಕೆ ಹೊಂದಿಸಿ ತೋರಿಸಿದ ಚಿತ್ರ. ಹಿರಿಯರು ಅದನ್ನು ತೋರಿಸುತ್ತ, “ಸರ್, ಇದು ನಮ್ಮೂರಿನ ಬೆಟ್ಟ. ಆಗ ನಮ್ಮೂರು ಹೀಗೇ ಇತ್ತೇನು?” ಎಂದು ಕೇಳಿದರು. ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಪ್ರಸ್ತುತ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಪ್ರಶ್ನೆ ಕೇವಲ ಆ ಮನೆಯದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಬೆಂಗಳೂರು, ಶ್ರೀರಂಗಪಟ್ಟಣ, ನಂದಿದುರ್ಗ, ಹುತ್ರಿದುರ್ಗಗಳ ರೂಪವನ್ನು ಕಲ್ಪಿಸಿಕೊಳ್ಳಬೇಕಾದಾಗಲೆಲ್ಲ ನಾವು ಇಂಥ ಚಿತ್ರಗಳನ್ನೇ ಆಶ್ರಯಿಸುತ್ತೇವೆ. ಸ್ಥಳೀಯ ಚರಿತ್ರೆಯ ಪುಸ್ತಕಗಳ ರಕ್ಷಾಪುಟಗಳಲ್ಲಿ, ಹೋಟೆಲುಗಳ ಗೋಡೆಗಳ ಮೇಲೆ, ಕ್ಯಾಲೆಂಡರುಗಳಲ್ಲಿ ಅವು “ಹಳೆಯ ಮೈಸೂರಿನ ನೋಟ”ಗಳಾಗಿ ನೆಲೆಗೊಂಡಿವೆ. ಅವುಗಳನ್ನು ಯಾರು, ಯಾರಿಗಾಗಿ, ಯಾವ ಮಾದರಿಯ ಮೇಲೆ ರಚಿಸಿದರೆಂಬ ವಿಚಾರ ಚಿತ್ರದ ಕೆಳಗಿನ ಸಾಲಿನಲ್ಲಿ ಇರುವುದಿಲ್ಲ. ಕರ್ನಾಟಕದ ಹೊರಗಿನ ಗ್ರಂಥಾಲಯಗಳಲ್ಲಿ ಈ ಸಂಪುಟಗಳನ್ನು ಎದುರುಗೊಳ್ಳುವ ಸಂಶೋಧಕರಿಗೆ ಈ ವಿಚಾರ ಉಪಯುಕ್ತವಾದೀತೆಂದು ಭಾವಿಸಿದ್ದೇನೆ.

ಮೊದಲು ಸಂದರ್ಭವನ್ನು ನೆನೆಯೋಣ. ಮೂರನೆಯ ಮೈಸೂರು ಯುದ್ಧ 1790ರಿಂದ 1792ರವರೆಗೆ ನಡೆಯಿತು. ಗವರ್ನರ್ ಜನರಲ್ ಕಾರ್ನ್‌ವಾಲಿಸನು ತಾನೇ ಸೇನಾಪತಿಯಾಗಿ ಬಂದು 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ ಮಾರ್ಚ್ 21ರ ರಾತ್ರಿ ಕೋಟೆಯನ್ನೂ ಹಿಡಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ ಅವನ ವಶವಾದವು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು, ರಾಜ್ಯದ ಅರ್ಧಭಾಗ ಕೈತಪ್ಪಿತು. ಈ ಸೈನ್ಯದೊಂದಿಗೆ ಚಿತ್ರ ಬರೆಯಬಲ್ಲವರು ಹಲವರಿದ್ದರು. ವೃತ್ತಿಯಿಂದ ಚಿತ್ರಕಾರನಾಗಿದ್ದವನು ಹೋಮ್. 1752ರಲ್ಲಿ ಹುಟ್ಟಿ, ಆಂಜೆಲಿಕಾ ಕಾಫ್‌ಮನ್ ಬಳಿ ಅಭ್ಯಾಸ ಮಾಡಿ, 1791ರ ಆರಂಭದಲ್ಲಿ ಮದರಾಸಿಗೆ ಬಂದಿಳಿದಿದ್ದ ಈತನು ಸೈನ್ಯದೊಡನೆ ಸಾಗುವ ಅನುಮತಿ ಪಡೆದನು. ಉಳಿದವರು ಸೇನಾಧಿಕಾರಿಗಳು: ಮೋಜಣಿಯ ಲೆಫ್ಟಿನೆಂಟ್ ರಾಬರ್ಟ್ ಹೈಡ್ ಕೋಲ್‌ಬ್ರುಕ್, ಕ್ಯಾಪ್ಟನ್ ಅಲೆಕ್ಸಾಂಡರ್ ಅಲನ್, ರಾಯಲ್ ಆರ್ಟಿಲರಿಯ ಲೆಫ್ಟಿನೆಂಟ್ ಜೇಮ್ಸ್ ಹಂಟರ್.

ಯುದ್ಧ ಮುಗಿದ ಎರಡೇ ವರ್ಷಗಳಲ್ಲಿ ಲಂಡನ್ನಿನ ಪುಸ್ತಕದಂಗಡಿಗಳಲ್ಲಿ ಮೈಸೂರಿನ ನೋಟಗಳ ಮೂರು ಸಂಪುಟಗಳು ಮಾರಾಟಕ್ಕಿದ್ದವು. ಕೋಲ್‌ಬ್ರುಕನ ಹನ್ನೆರಡು ನೋಟಗಳು 1793-94ರಲ್ಲಿ ಬಂದವು. 1794ರಲ್ಲಿ ಅಲನನ ಇಪ್ಪತ್ತು ನೋಟಗಳ ಸಂಪುಟವೂ ಹೋಮನ 29 ಚಿತ್ರಗಳ ಸಂಪುಟವೂ ಪ್ರಕಟವಾದವು. ಹೋಮನದರಲ್ಲಿ ಭೂಪಟಗಳೂ ಪ್ರತಿ ಚಿತ್ರಕ್ಕೊಂದು ಚಾರಿತ್ರಿಕ ವಿವರಣೆಯೂ ಇದ್ದವು. ಹಂಟರನ ಕಥೆ ಬೇರೆ. ಅವನು 1792ರಲ್ಲಿಯೇ ತೀರಿಕೊಂಡನು. ಅವನ ಚಿತ್ರಗಳು ಹತ್ತು ವರ್ಷಕ್ಕೂ ಮೇಲ್ಪಟ್ಟು ಬೆಳಕು ಕಾಣಲಿಲ್ಲ. 1799ರ ಮೇ 4ರಂದು ಟಿಪ್ಪು ಮಡಿದು ಶ್ರೀರಂಗಪಟ್ಟಣದ ಹೆಸರು ಇಂಗ್ಲೆಂಡಿನ ಮನೆಮಾತಾದ ಮೇಲೆ ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕನು ಅವುಗಳಲ್ಲಿ 40ನ್ನು ಆರಿಸಿ, 1804-05ರಲ್ಲಿ ಬಣ್ಣದ ಅಚ್ಚಿನಲ್ಲಿ ಹೊರತಂದನು. ಕೋಲ್‌ಬ್ರುಕನ ಸಂಪುಟವೂ 1805ರಲ್ಲಿ ಮರುಮುದ್ರಣ ಕಂಡಿತು. ಸತ್ತ ಚಿತ್ರಕಾರನ ಕಡತವನ್ನು ಮಾರುಕಟ್ಟೆ ಹುಡುಕಿ ತೆಗೆದುದು ಇಲ್ಲಿ ಗಮನಾರ್ಹ. ಈ ಚಿತ್ರಗಳ ಜನಪ್ರಿಯತೆಯನ್ನು ಅಳೆಯಲು ಬೇರೆ ಲೆಕ್ಕ ಬೇಕಿಲ್ಲ. ಯುದ್ಧದ ಸುದ್ದಿ ಬಿಸಿಯಾದಾಗ ಅವು ಅಚ್ಚಾಗುತ್ತವೆ, ತಣ್ಣಗಾದಾಗ ಮಲಗುತ್ತವೆ, ಮತ್ತೆ ಬಿಸಿಯಾದಾಗ ಏಳುತ್ತವೆ.

ಈ ಓದುಗರು ಯಾರು? ಮೈಸೂರು ಅವರಿಗೆ ಹೊಸ ಹೆಸರಾಗಿರಲಿಲ್ಲ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಾಶವಾದಾಗ ಸೆರೆಸಿಕ್ಕವರು ಶ್ರೀರಂಗಪಟ್ಟಣದ, ಬೆಂಗಳೂರಿನ ಸೆರೆಮನೆಗಳಲ್ಲಿ ವರ್ಷಗಟ್ಟಲೆ ಕೊಳೆತು, ಬಿಡುಗಡೆಯಾದ ಮೇಲೆ ಬರೆದ ಅನುಭವಕಥನಗಳನ್ನು ಇಂಗ್ಲೆಂಡಿನ ಓದುಗರು ಮೈನವಿರೇಳಿಸಿಕೊಂಡು ಓದಿದ್ದರು. ಅವರ ಮನಸ್ಸಿನಲ್ಲಿದ್ದ ಮೈಸೂರು ಕತ್ತಲಕೋಣೆಗಳ, ಸಂಕೋಲೆಗಳ ನಾಡು. ಅಂಥ ನಾಡನ್ನು ಈಗ ತಮ್ಮ ಮನೆಯ ಮೇಜಿನ ಮೇಲೆ ಹರವಿಕೊಂಡು, ಮಂಜು ಮುಸುಕಿದ ಬೆಟ್ಟಗಳ ಸೊಬಗನ್ನು ನೋಡುತ್ತ, ಇದು ನಮ್ಮವರು ಹತ್ತಿದ ಕೋಟೆ ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು. ಭಯವಿದ್ದ ಕಡೆ ರಮಣೀಯತೆ ಬಂದು ಕುಳಿತಿತು. ನನ್ನ ದೃಷ್ಟಿಯಲ್ಲಿ ಈ ಪುಸ್ತಕಗಳ ಆಕರ್ಷಣೆಯ ಗುಟ್ಟು ಇದೇ ಆಗಿದೆ.

ರಮಣೀಯ ಎಂಬ ಮಾತನ್ನು ನಾನಿಲ್ಲಿ ಸಡಿಲವಾಗಿ ಬಳಸುತ್ತಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ “ಪಿಕ್ಚರೆಸ್ಕ್” ಎಂಬ ಪಾರಿಭಾಷಿಕ ಪದವಿದ್ದು, ಚಿತ್ರವಾಗಲು ತಕ್ಕದ್ದು ಎಂಬುದು ಅದರ ತಾತ್ಪರ್ಯ. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿಯು ವೈ ನದಿಯ ದಂಡೆಯ ತನ್ನ ಪ್ರವಾಸವನ್ನು ಕುರಿತು 1782ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಸಾಮಾನ್ಯ ಓದುಗರ ಬಾಯಿಗೆ ಬಂತು. ಮುಂಭಾಗ ಕಪ್ಪಾಗಿ ಒರಟಾಗಿರಬೇಕು, ನಡುಭಾಗದಲ್ಲಿ ಬೆಳಕು ಬೀಳಬೇಕು, ದೂರ ಮಸುಕಾಗಬೇಕು, ನೇರ ಗೆರೆ ಸಲ್ಲದು, ಹೊಸ ಕಟ್ಟಡಕ್ಕಿಂತ ಹಾಳುಬಿದ್ದುದು ಚೆಲುವು, ಮನುಷ್ಯರಿದ್ದರೆ ಒಂದಿಬ್ಬರು, ಅದೂ ಚಿಕ್ಕದಾಗಿ ಎಂಬಂಥ ನಿಯಮಗಳು ಈ ಅಭಿರುಚಿಯವು. ಟಿಂಟರ್ನ್ ಎಂಬಲ್ಲಿನ ಪಾಳುಮಠವನ್ನು ನೋಡಿ, ಅದರ ಗೋಡೆಯ ತುದಿಗಳು ಇನ್ನೂ ತೀರ ಅಚ್ಚುಕಟ್ಟಾಗಿವೆ, ಸುತ್ತಿಗೆಯಿಂದ ಹದವರಿತು ನಾಲ್ಕು ಏಟು ಹಾಕಿದರೆ ಸರಿಹೋದೀತು ಎಂಬ ಅರ್ಥದ ಮಾತನ್ನು ಗಿಲ್ಪಿನ್ ಬರೆದಿದ್ದಾನೆ. ಮೈಸೂರಿಗೆ ಬಂದ ಚಿತ್ರಕಾರರಿಗೆ ಆ ಸುತ್ತಿಗೆಯ ಅಗತ್ಯ ಬೀಳಲಿಲ್ಲ. ಕಾರ್ನ್‌ವಾಲಿಸನ ಫಿರಂಗಿಗಳು ಆ ಕೆಲಸವನ್ನು ಮಾಡಿಕೊಟ್ಟಿದ್ದವು.

ಈ ಅಭಿರುಚಿಗೆ ತಕ್ಕ ಮುದ್ರಣವಿಧಾನವೂ ಅದೇ ಕಾಲದಲ್ಲಿ ಕೈಗೆ ಬಂದಿತ್ತು. ಹೋಮನ ಚಿತ್ರಗಳು ತಾಮ್ರದ ತಗಡಿನ ಮೇಲೆ ಉಳಿಯಿಂದ ಗೆರೆ ಕೊರೆದು ಅಚ್ಚುಹಾಕಿದವು. ಕೋಲ್‌ಬ್ರುಕ್, ಹಂಟರ್ ಮೊದಲಾದವರ ಚಿತ್ರಗಳು ಅಕ್ವಾಟಿಂಟ್ ಎಂಬ ಹೊಸ ವಿಧಾನದವು. ತಾಮ್ರದ ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಆಮ್ಲವು ಪುಡಿಯ ಕಣಗಳ ನಡುವಿನ ಲೋಹವನ್ನು ಮಾತ್ರ ತಿನ್ನುತ್ತದೆ. ಬೆಳ್ಳಗೆ ಉಳಿಯಬೇಕಾದ ಭಾಗಕ್ಕೆ ವಾರ್ನಿಷ್ ಬಳಿದು ಮತ್ತೆ ಮತ್ತೆ ಅದ್ದಿದಾಗ ತಿಳಿ ನೆರಳಿನಿಂದ ಗಾಢ ನೆರಳಿನವರೆಗೆ ಹಂತಹಂತದ ಛಾಯೆಗಳು ಮೂಡುತ್ತವೆ. ಅಚ್ಚಿನ ಮೇಲೆ ಕೈಯಿಂದ ನೀರುಬಣ್ಣ ತುಂಬಿದರೆ ಕೊಂಡವನಿಗೆ ಮೂಲ ಚಿತ್ರವನ್ನೇ ಕೊಂಡಂತೆ ಭಾಸವಾಗುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ರೂಢಿಗೆ ತಂದ ಪಾಲ್ ಸ್ಯಾಂಡ್ಬಿ, ರಾಯಲ್ ಆರ್ಟಿಲರಿಯ ಅಧಿಕಾರಿಗಳನ್ನು ತರಬೇತುಗೊಳಿಸುತ್ತಿದ್ದ ವುಲಿಚ್‌ನ ಸೈನಿಕ ವಿದ್ಯಾಲಯದಲ್ಲಿ 1768ರಿಂದ ಚಿತ್ರಕಲೆಯ ಅಧ್ಯಾಪಕನಾಗಿದ್ದನೆಂಬುದು ಕೇವಲ ಆಕಸ್ಮಿಕವಲ್ಲ. ಬೆಟ್ಟದ ಏರಿಳಿತವನ್ನು ಅಳೆಯುವ ಕಣ್ಣು, ತೋಪು ಎಲ್ಲಿ ಹೂಡಬೇಕೆಂದು ಗುರುತಿಸುವ ಕಣ್ಣು, ಸೊಗಸಾದ ನೋಟಕ್ಕೆ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವ ಕಣ್ಣು ಮೂರೂ ಒಬ್ಬನಲ್ಲಿಯೇ ತರಬೇತಿ ಪಡೆದಿದ್ದವು.

ವೃತ್ತಿಚಿತ್ರಕಾರರ ವಿಷಯದಲ್ಲಿಯೂ ಯುದ್ಧವೇ ದಾರಿ ತೋರಿಸಿತು. ಭಾರತದ ರಮಣೀಯ ನೋಟಗಳನ್ನು ಮೊದಲು ಅಚ್ಚಿಗೆ ತಂದ ವಿಲಿಯಂ ಹಾಜಸ್ 1780ರಲ್ಲಿ ಮದರಾಸಿಗೆ ಬಂದನಾದರೂ ಹೈದರನು ಕರ್ನಾಟಿಕ್ ಸೀಮೆಯ ಮೇಲೆ ಎರಗಿದ್ದರಿಂದ ಊರು ಬಿಟ್ಟು ದೂರ ಹೋಗಲಾರದೆ ಬಂಗಾಳಕ್ಕೆ ಹೊರಟುಹೋದನು. ಅವನ 1785-88ರ ಸಂಪುಟದ 48 ಚಿತ್ರಗಳು ಉತ್ತರ ಭಾರತದವು. ಹೈದರನು ತಡೆದ ದಾರಿಯನ್ನು ಕಾರ್ನ್‌ವಾಲಿಸನು ತೆರೆದ ಮೇಲೆ, 1792ರಲ್ಲಿ, ಥಾಮಸ್ ಡ್ಯಾನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಕಲ್ಕತ್ತೆಯಲ್ಲಿ ತಮ್ಮ ಚಿತ್ರಗಳ ಲಾಟರಿ ನಡೆಸಿ ಹಣ ಕೂಡಿಸಿ ದಕ್ಷಿಣಕ್ಕೆ ಬಂದರು. ಬಾರಾಮಹಲಿನ, ಅಂದರೆ ಈಗಿನ ತಮಿಳುನಾಡಿನ ಕೃಷ್ಣಗಿರಿಯ ಸುತ್ತಿನ, ಬೆಟ್ಟದ ಕೋಟೆಗಳನ್ನು ಚಿತ್ರಿಸಿಕೊಂಡರು. ಅವರ 144 ಚಿತ್ರಗಳ ಮಹಾಸಂಪುಟ 1795ರಿಂದ 1808ರವರೆಗೆ ಭಾಗಭಾಗವಾಗಿ ಹೊರಬಂತು. ಅದರ ಪೂರ್ಣ ಬೆಲೆ 210 ಪೌಂಡು, ಸಾಮಾನ್ಯ ಓದುಗನ ಕೈಗೆ ಎಟುಕದ ಮೊತ್ತ. ಆದರೆ ಚಿತ್ರಗಳು ಪುಸ್ತಕದೊಳಗೆ ನಿಲ್ಲಲಿಲ್ಲ. ಇಂಗ್ಲೆಂಡಿನ ನೀಲಿ-ಬಿಳಿ ಪಿಂಗಾಣಿ ತಟ್ಟೆಗಳ ಮೇಲೆ, 1807ರಲ್ಲಿ ಫ್ರಾನ್ಸಿನ ಜ್ಯೂಬೆರ್ ಕಾರ್ಖಾನೆ ತಯಾರಿಸಿದ ಗೋಡೆಕಾಗದದ ಮೇಲೆ ಅವು ಇಳಿದವು. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ಶ್ರೀರಂಗಪಟ್ಟಣದ ಪತನದ ಬೃಹತ್ ಚಿತ್ರವನ್ನು ಜನ ಹಣ ಕೊಟ್ಟು ನೋಡಿದರು. ಭಾರತದ ಮಣ್ಣನ್ನು ಎಂದೂ ಮೆಟ್ಟದ ಟರ್ನರನಂಥ ದೊಡ್ಡ ಕಲಾವಿದನೂ ಅದೇ ಸುಮಾರಿಗೆ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ನೀರುಬಣ್ಣದಲ್ಲಿ ಬರೆದನು. ಕಾವೇರಿಯನ್ನು ಕಾಣದೆ ಕಾವೇರಿಯನ್ನು ಬರೆಯುವುದು ನಮ್ಮ ಕವಿಗಳಿಗೂ ಅಪರಿಚಿತವಲ್ಲ. ಸಮುದ್ರವನ್ನು ಕಾಣದೆಯೇ ಸಮುದ್ರವರ್ಣನೆ ಮಾಡಿದವರು ನಮ್ಮಲ್ಲಿ ಎಷ್ಟಿಲ್ಲ!

ಹಾಸ್ಯಕ್ಕೆಂದು ಹೇಳಿದ ಈ ಮಾತಿನಲ್ಲಿಯೇ ನನ್ನ ವಾದದ ಎಳೆಯಿದೆ. ಪ್ರಾಚೀನ ಕಾವ್ಯಗಳನ್ನು ಓದುವಾಗ ನಾವು ಅಷ್ಟಾದಶ ವರ್ಣನೆಗಳನ್ನು ಎದುರಿಸುತ್ತೇವೆ. ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನವಿಹಾರ, ಜಲಕ್ರೀಡೆ ಎಂದು ಸಾಗುವ ಈ ಪಟ್ಟಿಯನ್ನು ಕವಿಯು ನಾಡನ್ನು ನೋಡಿ ಮಾಡಿಕೊಂಡದ್ದಲ್ಲ, ಲಕ್ಷಣಗ್ರಂಥದಿಂದ ಪಡೆದದ್ದು. ಆದ್ದರಿಂದ ಪುರವರ್ಣನೆಯೊಂದನ್ನು ಓದಿ ಆ ಊರಿನಲ್ಲಿ ಏಳು ಸುತ್ತಿನ ಕೋಟೆಯಿತ್ತೆಂದು ಬರೆಯುವ ಸಂಶೋಧಕನನ್ನು ಇಂದು ಯಾರೂ ನಂಬುವುದಿಲ್ಲ. ಹಾಗೆಂದು ವರ್ಣನೆಗಳನ್ನೆಲ್ಲ ಕಸಕ್ಕೆ ಹಾಕುವುದೂ ತರವಲ್ಲ. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ವರ್ಣಿಸುವಾಗ ಸಂಪ್ರದಾಯದ ಎಲ್ಲ ಸಾಮಗ್ರಿಯೂ ಅಲ್ಲಿದೆ. ಆದರೂ ಕಾವ್ಯದ ಉಳಿದೆಡೆಯ ವರ್ಣನೆಗಳಲ್ಲಿಲ್ಲದ ಹಂಬಲವೊಂದು ಅಲ್ಲಿ ಧ್ವನಿಸುತ್ತದೆ. ವೇಮುಲವಾಡದ ಆಸ್ಥಾನದಲ್ಲಿ, ಅಂದರೆ ಈಗಿನ ತೆಲಂಗಾಣದಲ್ಲಿ, ಕುಳಿತು ಬರೆದವನ ಹಂಬಲ ಅದು. ಸಂಪ್ರದಾಯವನ್ನು ಬಲ್ಲವನಿಗೆ ಮಾತ್ರ ಅದರಿಂದ ಹೊರಚಾಚಿದ್ದು ಕಾಣುತ್ತದೆ. ಹಾಗೆ ಹೊರಚಾಚಿದ್ದೇ ಚರಿತ್ರೆಗೆ ಸಿಗುವ ಸಾಕ್ಷ್ಯ. ಮೈಸೂರಿನ ಅಚ್ಚುಚಿತ್ರಗಳನ್ನೂ ಹೀಗೆಯೇ ಓದಬೇಕೆಂಬುದು ನನ್ನ ನಿವೇದನೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಹೋಮನ ಸಂಪುಟದಲ್ಲಿ ಬೆಂಗಳೂರಿನ ಕೋಟೆಯನ್ನು ಪೂರ್ವದಿಂದ ನೋಡಿದ ಚಿತ್ರವೊಂದಿದೆ. ಅದರಲ್ಲಿ ಸೈಪ್ರೆಸ್ ಮರಗಳ ತೋಟವನ್ನು ತೋರಿಸಿದ್ದಾನೆ. ಸೈಪ್ರೆಸ್ ಮರಗಳು ನೆಟ್ಟಗೆ ಸಾಲಾಗಿ ನಿಂತವು. ಗಿಲ್ಪಿನನ ಶಿಷ್ಯರಿಗೆ ಇಂಥ ಸಾಲು, ಇಂಥ ಸಮಾನತೆ ಕಣ್ಣಿನ ಕಸ. ಅವರ ನಿಯಮದಂತೆ ಚಿತ್ರಕಾರ ಅವನ್ನು ಚದುರಿಸಬೇಕಿತ್ತು, ಇಲ್ಲವೇ ಒಂದು ಮುರಿದ ಆಲದಿಂದ ಮರೆಮಾಡಬೇಕಿತ್ತು. ಹೋಮ್ ಹಾಗೆ ಮಾಡದೆ ಅವುಗಳನ್ನು ಶೀರ್ಷಿಕೆಯಲ್ಲಿಯೂ ಹೆಸರಿಸಿದ್ದಾನೆ. ಅಭಿರುಚಿಗೆ ಒಗ್ಗದಿದ್ದರೂ ಉಳಿದುಕೊಂಡದ್ದರಿಂದ ಅದು ಅಲ್ಲಿ ನಿಜವಾಗಿಯೂ ಕಣ್ಣಿಗೆ ಹೊಡೆಯುವಂತೆ ಇದ್ದಿರಲೇಬೇಕು. ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟಗಳ ಕ್ರಮಬದ್ಧ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರಸಾಕ್ಷ್ಯವಿಲ್ಲ. ಶ್ರೀರಂಗಪಟ್ಟಣದ ಲಾಲ್‌ಬಾಗಿನಲ್ಲಿಯೂ ಇಂಥ ಮರಗಳಿದ್ದವು. 1792ರ ಫೆಬ್ರವರಿಯಲ್ಲಿ ಅಲ್ಲಿ ಬೀಡುಬಿಟ್ಟ ಸೈನ್ಯವು ಮುತ್ತಿಗೆಯ ಸಾಮಗ್ರಿಗಾಗಿ ಅವುಗಳನ್ನು ಕಡಿದುಹಾಕಿತು. ಆ ಯುದ್ಧದಲ್ಲಿದ್ದು 1793ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದ ಮೇಜರ್ ಡಿರೋಮನ ಪುಸ್ತಕದಲ್ಲಿ ಇದು ದಾಖಲಾಗಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ನಾಗಪುರದ ಗೋಡೆಯ ಮೇಲಿನ ಸಾವನದುರ್ಗ. ಅದರ ಮುಂಭಾಗವನ್ನು ತುಂಬಿದ ಕಾಡು ರಮಣೀಯ ಚಿತ್ರಕ್ಕೆ ಹೇಳಿಮಾಡಿಸಿದಂತಿದೆ. ಮನುಷ್ಯನ ಕೈ ತಾಗದ ಪ್ರಕೃತಿ ಎಂದು ಲಂಡನ್ನಿನ ಓದುಗ ತಿಳಿದನು. ನಾಗಪುರದ ಮನೆಯವರೂ ಹಾಗೆಯೇ ತಿಳಿದಿದ್ದರು. ಆದರೆ ಬೆಟ್ಟದ ಸುತ್ತಿನ ಆ ಬಿದಿರುಮೆಳೆ, ಮುಳ್ಳುಕಾಡು ದುರ್ಗದ ಹೊರಗಿದ್ದ ವಸ್ತುವಲ್ಲ, ದುರ್ಗದ ಅಂಗವೇ. ಕೌಟಿಲ್ಯನು ಹೇಳುವ ನಾಲ್ಕು ಬಗೆಯ ದುರ್ಗಗಳಲ್ಲಿ ವನದುರ್ಗವೊಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಒಂಬತ್ತು ಬಗೆಗಳನ್ನು ಎಣಿಸುವಾಗಲೂ ಗಿರಿದುರ್ಗದ ಜೊತೆಗೆ ವನದುರ್ಗವನ್ನು ಹೇಳುತ್ತದೆ. ಸಾವನದುರ್ಗ ಈ ಎರಡೂ ಆಗಿತ್ತು. ಮುತ್ತಿಗೆ ಹಾಕಿದವರು ತೋಪುಗಳನ್ನು ಒಯ್ಯಲು ಆ ಮೆಳೆಯಲ್ಲಿ ದಾರಿ ಕಡಿಯುವುದಕ್ಕೆ ಪಟ್ಟ ಪಾಡನ್ನು ತಾವೇ ಬರೆದಿಟ್ಟಿದ್ದಾರೆ. ಕೋಟೆ ಹತ್ತುವುದಕ್ಕಿಂತ ಅದೇ ಕಷ್ಟವಾಗಿತ್ತು. ಏಕೆಂದರೆ ಡಿಸೆಂಬರ್ 21ರ ಏರಾಟದಲ್ಲಿ ಅವರಿಗೆ ಪ್ರಾಣನಷ್ಟವೆನ್ನುವಂಥದು ಆಗಲೇ ಇಲ್ಲ. ಕಾಯ್ದು ಬೆಳೆಸಿದ ರಕ್ಷಣೆಯೊಂದು ಚಿತ್ರದಲ್ಲಿ ಕಾಡುಸೊಬಗಾಗಿ ಮಾರ್ಪಟ್ಟಿತು. ಹೆಸರಿನ ವಿಷಯದಲ್ಲಿಯೂ ಇಂಥದೇ ಆಯಿತು. ಸಾವನ ಎಂಬುದನ್ನು ಸಾವು ಎಂದು ಬಿಡಿಸಿ “ಮೃತ್ಯುಶಿಲೆ” ಎಂಬ ಅರ್ಥವನ್ನು ಇಂಗ್ಲಿಷ್ ಬರೆಹಗಾರರು ಹಚ್ಚಿದರು. ಓದುಗರು ಅದನ್ನು ಚಪ್ಪರಿಸಿದರು. ಬೇಸರದ ಸಂಗತಿಯೆಂದರೆ ಇಂದು ನಮ್ಮ ಪ್ರವಾಸಿ ಕೈಪಿಡಿಗಳೂ ಅದನ್ನೇ ಕನ್ನಡದ ವ್ಯುತ್ಪತ್ತಿಯೆಂಬಂತೆ ಮರಳಿ ಹೇಳುತ್ತಿವೆ.

ಚಿತ್ರಗಳಲ್ಲಿ ಕಾಣದಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಎದುರಿನಿಂದ ಕಾರ್ನ್‌ವಾಲಿಸನ ಸೈನ್ಯ ಹಿಂದೆಗೆಯಿತು. ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು. ಭಾರಿ ತೋಪುಗಳನ್ನು ತಾವೇ ಒಡೆದು ಬಿಸುಟು ಬರಬೇಕಾಯಿತು. ಬಂಜಾರರು ಹೇರೆತ್ತುಗಳ ಮೇಲೆ ತಂದ ಧಾನ್ಯವೇ ಸೈನ್ಯದ ಜೀವವಾಗಿತ್ತು. ಅದೇ ವರ್ಷಗಳಲ್ಲಿ ದಖ್ಖನ್ನಿನಲ್ಲಿ ತಲೆಬುರುಡೆಗಳ ಬರವೆಂದು ಹೆಸರಾದ ಕ್ಷಾಮ ಹಬ್ಬಿತ್ತು. ಬೆಂಗಳೂರಿನ ಪೇಟೆ ಹಿಡಿದ ದಿನ ಅಲ್ಲಿನ ಅಂಗಡಿಗಳೂ ಮನೆಗಳೂ ಸೂರೆಹೋದವು. ರಮಣೀಯ ನೋಟಗಳ ಸಾಲಿನಲ್ಲಿ ಇಂಥ ದೃಶ್ಯಗಳಿಗೆ ಎಡೆಯಿಲ್ಲ. ಇದ್ದರೂ ಒಬ್ಬ ಸಿಪಾಯಿ, ಒಂದು ಎತ್ತು, ತಲೆಯ ಮೇಲೆ ಹೊರೆಹೊತ್ತ ಒಬ್ಬಳು ಬೆಟ್ಟದ ಎತ್ತರವನ್ನು ತಿಳಿಸುವ ಅಳತೆಗೋಲಿನಂತೆ ನಿಂತಿರುತ್ತಾರೆ. ಅವರಿಗೆ ಹೆಸರಿಲ್ಲ. ಪೇಟೆಯ ಬಾಗಿಲಲ್ಲಿ ಮಡಿದ ಕರ್ನಲ್ ಮೂರ್‌ಹೌಸನಿಗೆ ಹೋಮನೇ ದೊಡ್ಡ ತೈಲಚಿತ್ರವೊಂದನ್ನು ಬರೆದನು. ಕೋಟೆಯನ್ನು ಕಾಯುತ್ತ ಪ್ರಾಣ ಬಿಟ್ಟ ಮುದಿ ಕಿಲ್ಲೇದಾರ ಬಹಾದುರ್ ಖಾನನಿಗೆ ಅಂಥದು ದೊರೆಯಲಿಲ್ಲ. ಅವನ ಶೌರ್ಯವನ್ನು ಇಂಗ್ಲಿಷ್ ವೃತ್ತಾಂತಗಳು ಮೆಚ್ಚಿ ಬರೆದವು ಎಂಬುದನ್ನು ಮಾತ್ರ ನ್ಯಾಯಕ್ಕಾಗಿ ಹೇಳಬೇಕು.

ನಮ್ಮ ನಾಡಿನಲ್ಲಿಯೇ ಯುದ್ಧವನ್ನು ಚಿತ್ರಿಸುವ ಬೇರೆ ಕ್ರಮಗಳಿದ್ದವು. ಬೆಂಗಳೂರಿನ ಹೆಸರನ್ನು ಮೊದಲು ಹೇಳುವ ಬೇಗೂರಿನ ಶಾಸನ, ಸುಮಾರು ಕ್ರಿ.ಶ. 890ರದು, ಒಂದು ವೀರಗಲ್ಲಿನ ಬರೆಹ. ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬಾತ ಮಡಿದನೆಂಬುದೇ ಅದರ ಸಾರ. ವೀರಗಲ್ಲುಗಳಲ್ಲಿ ಬೆಟ್ಟವಿಲ್ಲ, ಕಾಡಿಲ್ಲ, ಆಕಾಶದ ಬಣ್ಣವಿಲ್ಲ. ಸತ್ತವನ ಹೆಸರಿದೆ, ಯಾರ ಪರವಾಗಿ ಸತ್ತನೆಂಬುದಿದೆ. ಅಚ್ಚುಚಿತ್ರಗಳಲ್ಲಿ ಇದು ತಿರುಗಿನಿಂತಿದೆ. ನೆಲಕ್ಕೆ ಹೆಸರಿದೆ, ನೆಲದವನಿಗಿಲ್ಲ. ಇನ್ನು ಟಿಪ್ಪುವಿನ ಕಾಲದ್ದೇ ಆದ ನಿದರ್ಶನವೆಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆ. 1784ರ ಆ ಕಟ್ಟಡದ ಗೋಡೆಯ ಮೇಲೆ ಪೊಳ್ಳಿಲೂರಿನ ಕಾಳಗವಿದೆ. ಪಲ್ಲಕ್ಕಿಯೊಳಗೆ ಗಾಯಗೊಂಡ ಬೇಲಿ, ಸುತ್ತಲೂ ಚೌಕವಾಗಿ ನಿಂತ ಅವನ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲುಸಾಲು ಕುದುರೆಸವಾರರು. ದೂರ-ಹತ್ತಿರದ ಭೇದವಿಲ್ಲದೆ ಗೋಡೆಯ ಅಂಗುಲ ಅಂಗುಲವೂ ಜನರಿಂದ ಕಿಕ್ಕಿರಿದಿದೆ. ಇದನ್ನು ಪಕ್ಷಪಾತವಿಲ್ಲದ ಸಾಕ್ಷ್ಯವೆಂದು ನಾನು ಹೇಳುತ್ತಿಲ್ಲ. ಗೆದ್ದವನ ಹೆಮ್ಮೆ ಇಲ್ಲಿಯೂ ಉಂಟು. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಮತ್ತೆ ಬಣ್ಣ ಹಚ್ಚಲಾಯಿತೆಂಬುದನ್ನೂ ಮರೆಯುವಂತಿಲ್ಲ. ಆದರೆ ಅದೇ ನದಿಯ ದಂಡೆಯಲ್ಲಿ, ಹತ್ತು ವರ್ಷಗಳ ಅಂತರದಲ್ಲಿ, ಎರಡು ಕೈಗಳು ಯುದ್ಧವನ್ನು ಹೇಗೆ ಬೇರೆಬೇರೆಯಾಗಿ ಕಂಡವು ಎಂಬುದಕ್ಕೆ ಎರಡನ್ನೂ ಒಟ್ಟಿಗಿಟ್ಟು ನೋಡಬೇಕು.

ಶ್ರೀರಂಗಪಟ್ಟಣದ ಮಟ್ಟಿಗೆ ಮೂರನೆಯದೊಂದನ್ನೂ ಜೊತೆಗಿಡಬಹುದು. 1648ರಲ್ಲಿ ಗೋವಿಂದವೈದ್ಯನು ರಚಿಸಿದ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯ ಆ ಪಟ್ಟಣವನ್ನೂ ಅಲ್ಲಿನ ನವರಾತ್ರಿಯ ಉತ್ಸವವನ್ನೂ ದೀರ್ಘವಾಗಿ ವರ್ಣಿಸುತ್ತದೆ. ಸಂಪ್ರದಾಯದ ಭಾರ ಅದರಲ್ಲಿ ಸಾಕಷ್ಟಿದೆ. ಆದರೂ ಅದು ಒಳಗಿನವನ ಊರು. ನಿಂತು ನೋಡುವ ಊರಲ್ಲ, ಬೀದಿಯಲ್ಲಿ ನಡೆದಾಡುವ ಊರು. ಹೋಮನಾಗಲಿ ಕೋಲ್‌ಬ್ರುಕನಾಗಲಿ 1792ರಲ್ಲಿ ಆ ಊರನ್ನು ಕೋಟೆಯ ಹೊರಗಿನಿಂದ, ನದಿಯ ಆಚೆಯಿಂದ ಮಾತ್ರ ಕಂಡವರು. ಗೋಡೆಯಿಂದ ಮೇಲೆದ್ದ ಗೋಪುರ, ಮಿನಾರುಗಳೇ ಅವರ ಪಾಲಿಗೆ ಶ್ರೀರಂಗಪಟ್ಟಣ. ಈ ದೂರವನ್ನು ಕಲಾದೃಷ್ಟಿ ಎಂದಷ್ಟೇ ಹೇಳಲಾಗದು. ಅದು ಫಿರಂಗಿಯ ಗುಂಡು ತಾಗದಿರುವ ದೂರವೂ ಹೌದು. ಇದಕ್ಕೆ ಹೋಲಿಸಿದರೆ ಹಂಟರನು ಬೆಂಗಳೂರಿನ ಅರಮನೆಗೆ ಹೋಗುವ ಬೀದಿಯನ್ನೂ ಹೊಸಕೋಟೆಯ ಬಾಗಿಲನ್ನೂ ಚಿತ್ರಿಸಿದ್ದು ಹಿಡಿದ ಊರುಗಳ ಒಳಗೆ ಓಡಾಡುತ್ತ. ನಾಲ್ವರಲ್ಲಿ ಅವನ ಚಿತ್ರಗಳೇ ಸಮಾಜಚರಿತ್ರೆಗೆ ಹೆಚ್ಚು ಒದಗುವವೆಂದು ನನ್ನ ಎಣಿಕೆ. ಬಣ್ಣ ತುಂಬಿದ ಕೈ ಮೈಸೂರನ್ನು ಕಂಡದ್ದಲ್ಲವಾದ್ದರಿಂದ ಬಟ್ಟೆಗಳ ಬಣ್ಣವನ್ನು ಮಾತ್ರ ಅವುಗಳಿಂದ ನಿರ್ಣಯಿಸಬಾರದು.

ಈ ಚಿತ್ರಕಾರರ ಮುಂದಿನ ಬದುಕನ್ನು ಗಮನಿಸಿದರೆ ಚಿತ್ರಕ್ಕೂ ಆಡಳಿತಕ್ಕೂ ಇದ್ದ ನಂಟು ತಾನಾಗಿ ತಿಳಿಯುತ್ತದೆ. ಕೋಲ್‌ಬ್ರುಕ್ 1794ರಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆಗಿ 1808ರಲ್ಲಿ ಸಾಯುವವರೆಗೆ ಆ ಹುದ್ದೆಯಲ್ಲಿದ್ದನು. ಅವನ ಬಂಧು, ಸಂಸ್ಕೃತ ವಿದ್ವಾಂಸ ಹೆನ್ರಿ ಥಾಮಸ್ ಕೋಲ್‌ಬ್ರುಕ್ 1799ರಿಂದ 1801ರವರೆಗೆ ನಾಗಪುರದ ಭೋಂಸಲೆ ದರ್ಬಾರಿನಲ್ಲಿ ಕಂಪನಿಯ ರಾಯಭಾರಿಯಾಗಿದ್ದವನು. ಅಲನನು 1799ರ ಮೇ 4ರ ಸಂಜೆ ಬಿಳಿಯ ಬಾವುಟ ಹಿಡಿದು ಶ್ರೀರಂಗಪಟ್ಟಣದ ಅರಮನೆಯೊಳಗೆ ಹೋಗಿ ಟಿಪ್ಪುವಿನ ಮಕ್ಕಳನ್ನು ಶರಣಾಗಿಸಿದನು. ಮುಂದೆ ಕಂಪನಿಯ ನಿರ್ದೇಶಕನಾದನು. ಆ ಪತನದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮೈಸೂರಿನ ಕುದುರೆಸವಾರರನ್ನೂ ಜೊತೆಗೆ ಕರೆದುಕೊಂಡು ಉತ್ತರಕ್ಕೆ ನಡೆದು, 1803ರ ಡಿಸೆಂಬರ್ 15ರಂದು ವಿದರ್ಭದ ಗಾವಿಲಗಡ ದುರ್ಗವನ್ನು ಹಿಡಿದನು. ಎರಡು ದಿನಗಳಲ್ಲಿ ನಾಗಪುರದ ರಘೂಜಿ ಭೋಂಸಲೆ ಒಪ್ಪಂದಕ್ಕೆ ಸಹಿಹಾಕಿದನು. ಸಾವನದುರ್ಗದ ಚಿತ್ರವನ್ನು ಗೋಡೆಗೆ ಹಾಕಿಕೊಂಡ ನಾಗಪುರದ ಮನೆಗೆ ಈ ಎರಡನೆಯ ದುರ್ಗದ ಸಂಗತಿ ತೀರ ದೂರದ್ದಲ್ಲ. ಅದು ಸಮೀಪದ ಅಮರಾವತಿ ಜಿಲ್ಲೆಯಲ್ಲಿದೆ.

ಮುಂದಿನ ಕೆಲಸಕ್ಕೆ ಒಂದು ಸೂಚನೆ. ಇದೇ ಯುದ್ಧದಲ್ಲಿ ಇಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿ 1799ರ ನಂತರ ಮೈಸೂರಿನ ಮೋಜಣಿ ನಡೆಸುತ್ತ, ತನ್ನ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಬರೆಸಿ ಕೂಡಿಸಿದನು. ಚಿತ್ರಕಾರರು ಬೆಟ್ಟವನ್ನು ಮಾತ್ರ ಕಂಡ ಕಡೆ ಈ ಬರೆಹಗಳಲ್ಲಿ ಕೆರೆ, ದೇವಸ್ಥಾನ, ಪಾಳೆಯಗಾರರ ವಂಶ, ಊರು ಕಟ್ಟಿದ ಕಥೆ ಇವೆ. ಒಂದೊಂದು ಚಿತ್ರದ ಎದುರಿಗೆ ಆ ಸ್ಥಳದ ಕೈಫಿಯತ್ತನ್ನೂ ಶಾಸನಗಳನ್ನೂ ಇಟ್ಟು, ಚಿತ್ರಕಾರ ನಿಂತ ಜಾಗವನ್ನು ನೆಲದ ಮೇಲೆ ಹುಡುಕಿ ಗುರುತಿಸುವ ಕೆಲಸ ಕನ್ನಡದಲ್ಲಿ ಇನ್ನೂ ವ್ಯವಸ್ಥಿತವಾಗಿ ಆಗಬೇಕಾಗಿದೆ. ಬಂಡೆಗಳು ಕದಲಿಲ್ಲವಾದ್ದರಿಂದ ಬೆಟ್ಟದ ಚಿತ್ರಗಳಲ್ಲಿ ಇದು ಕಷ್ಟವಲ್ಲ. ಕಲ್ಲುಗಣಿಗಳಿಂದ ಬೆಟ್ಟಗಳೇ ಕರಗುತ್ತಿರುವ ಕಡೆ ಬೇಗ ಮಾಡಬೇಕು.

ನಾಗಪುರದ ಹಿರಿಯರಿಗೆ ಇದರಲ್ಲಿ ಕೆಲವನ್ನು ಪತ್ರದಲ್ಲಿ ಬರೆದು ತಿಳಿಸಿದೆ. ಬೆಟ್ಟದ ಆಕಾರವನ್ನು ನಂಬಬಹುದು, ಕಾಡನ್ನು ಚಿತ್ರಕಾರ ಕಂಡ ಅರ್ಥದಲ್ಲಿ ನಂಬಬೇಡಿ, ಚಿತ್ರ ಉತ್ತರದಿಂದ ನೋಡಿದ್ದು ಎಂದಿದ್ದೆ. ಅವರಿಂದ ಉತ್ತರ ಬಂತು. ಸಾವನದುರ್ಗದ ಉತ್ತರಕ್ಕೆ ಮಾಗಡಿ ಇರುವುದು, ಹಾಗಾದರೆ ಚಿತ್ರ ಬರೆದವನು ನಮ್ಮೂರಿಗೆ ಬೆನ್ನು ಮಾಡಿ ಕುಳಿತಿದ್ದನೇ ಎಂದು ಕೇಳಿದ್ದರು.